ಸಾಗವಾನಿಯ ಕೆಚ್ಚು, ಬಾಗಿಲ ಸಂದು ಮತ್ತು ಬಳ್ಳಾರಿ ಜಾಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೊಸ ಮನೆಯ ಬಾಗಿಲುಗಳಿಗೆ ಸಾಗವಾನಿ ನೋಡುತ್ತಿದ್ದೇವೆ. ಕಟ್ಟಿಗೆ ಅಡ್ಡೆಯಲ್ಲಿ ದಾಂಡೇಲಿಯ ಮಾಲಿಗೆ ಹೇಳುವ ದರಕ್ಕಿಂತ ವಿದೇಶಿ ಮಾಲಿನ ದರ ಬಹಳ ಕಡಿಮೆ ಇದೆ. ಎರಡೂ ಸಾಗವಾನಿಯೇ ಆದರೆ ಈ ಅಂತರ ಏಕೆ?
— ಓದುಗರು, ಕೊಪ್ಪಳ

ಉತ್ತರ: ಜಾತಿ ಒಂದೇ, ವ್ಯತ್ಯಾಸವಿರುವುದು ಮರದ ವಯಸ್ಸಿನಲ್ಲಿ. ಘಾನಾ, ಈಕ್ವೆಡಾರ್, ಬ್ರೆಜಿಲ್ ಮುಂತಾದ ದೇಶಗಳ ನೆಡುತೋಪುಗಳಿಂದ ಬರುವ ದಿಮ್ಮಿಗಳು ಬಹುಮಟ್ಟಿಗೆ ಎಳೆಯ ಮರಗಳವು. ಅವುಗಳಲ್ಲಿ ಕಂದು ಬಣ್ಣದ ಕೆಚ್ಚಿಗೆ ಹೋಲಿಸಿದರೆ ಹೊರಗಿನ ಬಿಳಿ ಭಾಗದ ಪಾಲು ಹೆಚ್ಚು. ಸಾಗವಾನಿಗೆ ಗೆದ್ದಲು ಹತ್ತುವುದಿಲ್ಲ ಎಂಬ ಮಾತು ಕೆಚ್ಚಿಗೆ ಮಾತ್ರ ಒಪ್ಪುತ್ತದೆ, ಏಕೆಂದರೆ ಎಣ್ಣೆಯಂಶವೂ ಗೆದ್ದಲನ್ನು ದೂರವಿಡುವ ಟೆಕ್ಟೋಕ್ವಿನೋನ್ ಎಂಬ ವಸ್ತುವೂ ಇರುವುದು ಅಲ್ಲಿಯೇ. ಬಿಳಿ ಭಾಗವನ್ನು ಗೆದ್ದಲು ಬೇರೆ ಯಾವುದೇ ಕಟ್ಟಿಗೆಯಂತೆ ತಿನ್ನುತ್ತದೆ. ಆದ್ದರಿಂದ ಊರಿನ ಹೆಸರಿಗೆ ಹಣ ಕೊಡುವ ಬದಲು ಕೆಚ್ಚಿಗೆ ಕೊಡಿ. ದಾಂಡೇಲಿಯದೆಂದು ಹೇಳಿ ಬಿಳಿ ಅಂಚಿನ ತುಂಡು ಕೊಡುವವರಿದ್ದಾರೆ. ವಿದೇಶಿ ಮಾಲಿನಲ್ಲೂ ಆರಿಸಿದರೆ ಒಳ್ಳೆಯ ಕೆಚ್ಚು ಸಿಗುತ್ತದೆ. ಬಣ್ಣ ಹಚ್ಚಿದ ಮಾಲನ್ನು ಕೊಳ್ಳಬೇಡಿ; ತುಂಡಿನ ಕೊನೆಯನ್ನು ಹೊಸದಾಗಿ ಕೊಯ್ಯಿಸಿ ನೋಡಿ. ಒಣಗಿದ ಸಾಗವಾನಿ ಘನ ಅಡಿಗೆ ಸುಮಾರು 18 ಕೆಜಿ ತೂಗುತ್ತದೆ. ಅದಕ್ಕಿಂತ ಬಹಳ ಭಾರವಿದ್ದರೆ ಇನ್ನೂ ಹಸಿಯಿರಬಹುದೆಂದು ಅನುಮಾನಿಸಿ. ಲೆಕ್ಕವನ್ನೂ ನೀವೇ ಮಾಡಿಕೊಳ್ಳಿ: 7 ಅಡಿ ಎತ್ತರ, 4 ಅಡಿ ಅಗಲದ ಬಾಗಿಲವಾಡಕ್ಕೆ ಹೊಸ್ತಿಲೂ ಸೇರಿ 22 ಅಡಿ ಉದ್ದದ ಕಟ್ಟಿಗೆ ಬೇಕು; ಅದು 5 ಅಂಗುಲ ಅಗಲ, 4 ಅಂಗುಲ ದಪ್ಪವಿದ್ದರೆ 3 ಘನ ಅಡಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಕೊಯ್ತದಲ್ಲಿ ಹೋಗುವ ಪುಡಿ ಬೇರೆ.

ಪ್ರಶ್ನೆ: ಮಳೆಗಾಲದಲ್ಲಿ ಮಾಡಿಸಿದ ಬಾಗಿಲು ಬೇಸಿಗೆಯಲ್ಲಿ ಸಂದು ಬಿಟ್ಟಿದೆ. ಕಟ್ಟಿಗೆ ಕಳಪೆಯೇ?
— ಓದುಗರು, ಸಿಂಧನೂರು

ಉತ್ತರ: ಕಟ್ಟಿಗೆ ಕಳಪೆಯೆನ್ನುವ ಮೊದಲು ಅದು ಒಣಗಿತ್ತೇ ಎಂದು ಕೇಳಬೇಕು. ಹಸಿ ಸಾಗವಾನಿ ಪೂರ್ತಿ ಒಣಗುವಷ್ಟರಲ್ಲಿ ವರ್ಷದುಂಗುರಗಳಿಗೆ ಅಡ್ಡಲಾಗಿ ಸುಮಾರು ಶೇ. 2.5ರಷ್ಟು, ಉಂಗುರಗಳ ಗುಂಟ ಅದರ ಎರಡರಷ್ಟು ಕುಗ್ಗುತ್ತದೆ. ಗಟ್ಟಿ ಮರಗಳ ಪೈಕಿ ಇದು ಕಡಿಮೆಯೇ. ಮತ್ತಿ ಇದಕ್ಕಿಂತ ಹೆಚ್ಚು ಕುಗ್ಗಿ ಸೀಳುತ್ತದೆ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಿಮ್ಮ ಭಾಗದ ಒಣ ಗಾಳಿ ಕರಾವಳಿಯ ಗಾಳಿಗಿಂತ ಕಟ್ಟಿಗೆಯ ತೇವವನ್ನು ಬಹಳ ಹೆಚ್ಚು ಹೀರುವುದರಿಂದ ಅಲ್ಲಿ ಸರಿಯಾಗಿ ಕುಳಿತ ಬಾಗಿಲು ಇಲ್ಲಿ ಸಂದು ಬಿಡಬಹುದು. ಕೊಯ್ಸಿದ ಹಲಗೆಗಳ ನಡುವೆ ತೆಳುವಾದ ಪಟ್ಟಿಗಳನ್ನಿಟ್ಟು ನೆರಳಿನಲ್ಲಿ ಒಟ್ಟಿ, ಒಂದು ಬೇಸಿಗೆಯನ್ನಾದರೂ ಕಳೆಯಲು ಬಿಟ್ಟು, ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳುವುದು ಸರಿಯಾದ ಕ್ರಮ. ಅವಸರಕ್ಕೆ ಬಿಸಿಲಿಗೆ ಹಾಕಿದರೆ ಕೊನೆಗಳು ಸೀಳುತ್ತವೆ. ಒಳಹಲಗೆಯನ್ನು ಬಾಗಿಲ ಚೌಕಟ್ಟಿನ ತೋಡಿನಲ್ಲಿ ಅಂಟು ಹಾಕದೆ ಸಡಿಲವಾಗಿ ಕೂರಿಸಿದ್ದರೆ ಅದು ಕುಗ್ಗಿದರೂ ಬಿರುಕು ಬಿಡುವುದಿಲ್ಲ. ಬಾಗಿಲಿನ ಮೇಲಿನ ಮತ್ತು ಕೆಳಗಿನ ಅಂಚುಗಳಿಗೆ ವಾರ್ನಿಷ್ ಹಚ್ಚುವುದನ್ನು ಬಹಳಷ್ಟು ಬಡಗಿಗಳು ಬಿಡುತ್ತಾರೆ. ತೇವ ಹೆಚ್ಚಾಗಿ ಓಡಾಡುವುದು ಅಲ್ಲಿಂದಲೇ. ಈಗಿನ ಸಂದಿಗೆ ಪಟ್ಟಿ ಹೊಡೆಯುವುದಾದರೆ ಮುಂದಿನ ಮಳೆಗಾಲ ಮುಗಿಯುವವರೆಗೆ ಕಾಯಿರಿ.

ಪ್ರಶ್ನೆ: ಅಜ್ಜನ ಕಾಲದ ಮಾಳಿಗೆ ಮನೆಯನ್ನು ಕೆಡವುತ್ತಿದ್ದೇವೆ. ಸಾಗವಾನಿ ತೊಲೆಗಳನ್ನು ಮಾರಬೇಕೇ, ಮರುಬಳಕೆ ಮಾಡಬೇಕೇ? ಹೊಲದ ಜಾಲಿಯೂ ಕೆಲಸಕ್ಕೆ ಬಂದೀತೇ?
— ಓದುಗರು, ಬಳ್ಳಾರಿ

ಉತ್ತರ: ತೊಲೆಗಳನ್ನು ಮಾರಬೇಡಿ. ಇಷ್ಟು ಒಣಗಿದ ಮಾಲು ಯಾವ ಅಡ್ಡೆಯಲ್ಲೂ ಸುಲಭವಾಗಿ ಸಿಗದು. ಗೋಡೆಯೊಳಗೆ ಹೂತಿದ್ದ ಕೊನೆಗಳು ಮಣ್ಣಿನ ತೇವಕ್ಕೆ ಕೊಳೆತಿರಬಹುದು, ಅವನ್ನು ಕತ್ತರಿಸಿ. ಹಳೆಯ ಮೊಳೆಗಳನ್ನೆಲ್ಲ ಕಿತ್ತ ಮೇಲೆಯೇ ಗರಗಸಕ್ಕೆ ಕೊಡಿ. ಸಾಗವಾನಿಯಲ್ಲಿರುವ ಸಿಲಿಕಾದಿಂದ ಅಲಗು ಹೇಗೂ ಬೇಗ ಮೊಂಡಾಗುತ್ತದೆ, ಮೊಳೆಯೂ ಸೇರಿದರೆ ಕೊಯ್ಯುವವರು ಒಪ್ಪುವುದಿಲ್ಲ.

ಜಾಲಿಯ ವಿಷಯದಲ್ಲಿ ಯಾವ ಜಾಲಿಯೆಂಬುದು ಮುಖ್ಯ. ಕರಿಜಾಲಿ ಸಾಗವಾನಿಗಿಂತ ಭಾರ ಮತ್ತು ಗಡುಸು; ನೇಗಿಲು, ಗಾಡಿಚಕ್ರಗಳಿಗೆ ಅದನ್ನೇ ಬಳಸುತ್ತಿದ್ದರು. ಹುಳು ಹಿಡಿಯದಿರಲೆಂದು ಕಡಿದ ದಿಮ್ಮಿಯನ್ನು ನೀರಿನಲ್ಲಿ ನೆನೆಹಾಕುವ ಹಳೆಯ ಪದ್ಧತಿ ಇಂದಿಗೂ ಉಪಯುಕ್ತ. ಮಂಚದ ಕಾಲಿಗೆ, ಬೆಂಚಿಗೆ ಅದು ಧಾರಾಳವಾಗಿ ಸಾಕು. ನಿಮ್ಮೂರಿನ ಹೆಸರು ಹೊತ್ತ ಬಳ್ಳಾರಿ ಜಾಲಿಯ ಮೂಲ ಅಮೆರಿಕ ಖಂಡ; ಅದನ್ನು ಸೌದೆ, ಇದ್ದಿಲಿಗಷ್ಟೇ ಎಣಿಸುವುದು ಸ್ವಲ್ಪ ಅನ್ಯಾಯ. ಅದರ ಕೆಚ್ಚು ಒಣಗುವಾಗ ಬಹಳ ಕಡಿಮೆ ಕುಗ್ಗುತ್ತದೆ, ಆದರೆ ಕಾಂಡ ಡೊಂಕಾಗಿರುವುದರಿಂದ ಉದ್ದನೆಯ ಹಲಗೆ ಹೊರಡುವುದಿಲ್ಲ. ಸಣ್ಣ ಸ್ಟೂಲು, ಹಿಡಿಕೆ, ಮಣೆಗಳಿಗೆ ಬಳಸಿ ನೋಡಬಹುದು.