ಓದುಗರ ಪ್ರಶ್ನೆ, ನಮ್ಮ ಉತ್ತರ: ವೈವಿಧ್ಯದ ಪ್ರಬಂಧ, ಸೇವೆಯ ಗಂಟೆಗಳು

ಪ್ರಶ್ನೆ: ಅಮೆರಿಕದ ಮೂರು ವಿಶ್ವವಿದ್ಯಾಲಯಗಳಿಗೆ ಪದವಿ ಓದಲು ಅರ್ಜಿ ಹಾಕುತ್ತಿದ್ದೇನೆ. ‘ನಮ್ಮ ಕ್ಯಾಂಪಸ್‌ನ ವೈವಿಧ್ಯಕ್ಕೆ ನಿಮ್ಮ ಕೊಡುಗೆ ಏನು?’ ಎಂದು ಒಂದು ಕಡೆ 250 ಪದ ಬರೆಯಬೇಕು. ನಮ್ಮದು ಸಾಮಾನ್ಯ ಮನೆತನ. ದಸರಾ ಗೊಂಬೆ, ಯುಗಾದಿಯ ಬೇವು-ಬೆಲ್ಲದ ಬಗ್ಗೆ ಬರೆದರೆ ಸಾಕೇ?
— ದ್ವಿತೀಯ ಪಿಯು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸಾಲದು. ಬೇವು-ಬೆಲ್ಲ ವಿವರಿಸುವುದಕ್ಕೇ 180 ಪದ ಹೋದರೆ ಓದುವವರಿಗೆ ಯುಗಾದಿ ಗೊತ್ತಾಗುತ್ತದೆ, ನೀವು ಗೊತ್ತಾಗುವುದಿಲ್ಲ. ನಿಮ್ಮ ಬೀದಿಯ ಇನ್ನೊಬ್ಬ ಹುಡುಗಿಯೂ ಅದನ್ನೇ ಬರೆಯಬಹುದಲ್ಲ! ನೀವು ಬೆಳೆದ ಪರಿಸರ ನಿಮಗೆ ಏನನ್ನು ಗಮನಿಸಲು ಕಲಿಸಿತು, ಗಮನಿಸಿದ ಮೇಲೆ ನೀವೇನು ಮಾಡಿದಿರಿ ಎಂಬುದು ಅವರಿಗೆ ಬೇಕು.

2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್, ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣಗಳಲ್ಲಿ, ಜನಾಂಗವನ್ನು ನೋಡಿ ಪ್ರವೇಶದಲ್ಲಿ ಆದ್ಯತೆ ಕೊಡುವುದನ್ನು ತಡೆಯಿತು. ಅದೇ ತೀರ್ಪು, ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿ ಬರೆಯಲು ಅಡ್ಡಿಯಿಲ್ಲ, ಆದರೆ ಅದು ಆ ವ್ಯಕ್ತಿಯ ಗುಣಕ್ಕೆ, ಸಾಮರ್ಥ್ಯಕ್ಕೆ ಜೋಡಿಸಿಕೊಂಡಿರಬೇಕು ಎಂದಿತು. ಹಾಗಾಗಿ ಹುಟ್ಟಿನ ವಿವರವೊಂದೇ ಉತ್ತರವಾಗದು.

‘ಸಾಮಾನ್ಯ’ ಎಂದಿರಲ್ಲ, ಅಲ್ಲೇ ಹುಡುಕಿ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ವಿಜ್ಞಾನಕ್ಕೆ ಬಂದ ಸಹಪಾಠಿಗಳು ನಿಮ್ಮ ತರಗತಿಯಲ್ಲಿ ಇರಬಹುದು. ಜವ, ವೇಗ, ವೇಗೋತ್ಕರ್ಷ, ಸಂವೇಗ ಚೆನ್ನಾಗಿ ಗೊತ್ತಿದ್ದರೂ ಅವೇ ಪದಗಳು ಇಂಗ್ಲಿಷಿನಲ್ಲಿ ಎದುರಾದಾಗ ಅವರು ತಡವರಿಸುತ್ತಾರೆ. ಭೌತಶಾಸ್ತ್ರ ಬಾರದೆ ಅಲ್ಲ, ಪದ ಸಿಗದೆ. ಅಂಥವರಿಗಾಗಿ ಪಾಠಕ್ಕೆ 15 ಪದಗಳಂತೆ ಎರಡು ಭಾಷೆಯ ಪಟ್ಟಿ ಮಾಡಿ ಹಂಚಿದ್ದರೆ, ಅದು ಗಟ್ಟಿ ವಿಷಯ. ಮಾಡಿಲ್ಲದಿದ್ದರೆ ಮಾಡಿದಂತೆ ಬರೆಯಬೇಡಿ. ನಿಜವಾಗಿ ಮಾಡಿದ್ದು ಎಷ್ಟೇ ಚಿಕ್ಕದಿರಲಿ, ಅದನ್ನೇ ಎತ್ತಿಕೊಳ್ಳಿ.

250 ಪದಗಳನ್ನು ಹೀಗೆ ಹಂಚಬಹುದು: ಹಿನ್ನೆಲೆಗೆ 50, ನೀವು ಮಾಡಿದ್ದಕ್ಕೆ 140, ಅಲ್ಲಿ ಹೋಗಿ ಮಾಡಲಿರುವುದಕ್ಕೆ 60. ಹೆಚ್ಚಿನವರು ಸೋಲುವುದು ಈ ಕೊನೆಯ ಭಾಗದಲ್ಲಿ. ‘ಎಲ್ಲರೊಂದಿಗೆ ಬೆರೆಯುತ್ತೇನೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ವಿದ್ಯಾರ್ಥಿಗಳೇ ಪಾಠ ಹೇಳಿಕೊಡುವ ಕೇಂದ್ರ, ಭಾಷಾ ಗುಂಪು ಯಾವುದಿದೆ ನೋಡಿ, ಹೆಸರು ಹಿಡಿದು ಬರೆಯಿರಿ. ಮೂರು ಕಡೆಗೂ ಒಂದೇ ಪ್ರಬಂಧ ಕಳಿಸಿದರೆ ಈ ಭಾಗವೇ ಅದನ್ನು ಬಯಲು ಮಾಡುತ್ತದೆ.

ಪ್ರಶ್ನೆ: ಅಮೆರಿಕದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಮಗನಿಗೆ 200 ಗಂಟೆ ಸಮಾಜಸೇವೆಯ ಪ್ರಮಾಣಪತ್ರ ಬೇಕೇಬೇಕು ಎಂದು ಏಜೆಂಟ್ ಹೇಳುತ್ತಿದ್ದಾರೆ. ದುಡ್ಡು ಕೊಟ್ಟರೆ ಅವರೇ ಮಾಡಿಸಿಕೊಡುತ್ತಾರಂತೆ. ಎಷ್ಟು ಗಂಟೆ ಇರಬೇಕು?
— ಒಬ್ಬ ತಂದೆ, ಮೈಸೂರು

ಉತ್ತರ: ದಯವಿಟ್ಟು ದುಡ್ಡು ಕೊಡಬೇಡಿ. ಎಲ್ಲ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುವ ಗಂಟೆಯ ಲೆಕ್ಕ ಎಂಬುದೇ ಇಲ್ಲ. ಎನ್‌ಎಸ್‌ಎಸ್‌ನಲ್ಲಿ (ರಾಷ್ಟ್ರೀಯ ಸೇವಾ ಯೋಜನೆ) ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಶಿಬಿರ ಎಂಬ ನಿಯಮವಿದೆ ನಿಜ, ಅದು ಎನ್‌ಎಸ್‌ಎಸ್ ಪ್ರಮಾಣಪತ್ರಕ್ಕೆ.

ಅಮೆರಿಕದ ಹಲವು ವಿಶ್ವವಿದ್ಯಾಲಯಗಳಿಗೆ ಸಲ್ಲುವ ಕಾಮನ್ ಆ್ಯಪ್ ಎಂಬ ಆನ್‌ಲೈನ್ ಅರ್ಜಿಯಲ್ಲಿ 10 ಚಟುವಟಿಕೆ ತುಂಬಬಹುದು. ಒಂದೊಂದರ ವಿವರಣೆಗೆ ಸಿಗುವುದು 150 ಅಕ್ಷರಗಳಷ್ಟು ಜಾಗ, ಪದಗಳಲ್ಲ, ಅಕ್ಷರಗಳು. ಜೊತೆಗೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಕೇಳುತ್ತಾರೆ. ಶನಿವಾರ ಎರಡು ಗಂಟೆಯಂತೆ 40 ವಾರ ಹೋದರೆ 80 ಗಂಟೆ. ಒಂದೇ ದಿನ ಅನಾಥಾಶ್ರಮದಲ್ಲಿ ನೋಟ್‌ಬುಕ್ ಹಂಚಿ ಫೋಟೊ ತೆಗೆಸಿಕೊಂಡದ್ದಕ್ಕಿಂತ ಈ 80 ಗಂಟೆಯ ತೂಕ ಬಹಳ ಹೆಚ್ಚು, ಆ ಮಕ್ಕಳಿಗೂ ಕೂಡ.

ಕೆಲಸ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿರಲಿ. ದೂರವಾದರೆ ಮಳೆಗಾಲದಲ್ಲೇ ನಿಂತುಹೋಗುತ್ತದೆ. ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ‘ನಿಮಗೆ ಏನು ಬೇಕು?’ ಎಂದು ಅವರನ್ನೇ ಕೇಳಲಿ. ಸ್ಪೋಕನ್ ಇಂಗ್ಲಿಷ್ ಕಲಿಸಲು ಹೊರಟವನಿಗೆ, ನಾಲ್ಕನೇ ತರಗತಿಯವರಿಗೆ ಕನ್ನಡ ಓದಿಸಿದರೆ ಸಾಕು ಎಂಬ ಉತ್ತರ ಬರಬಹುದು. ಆಗ ಅದನ್ನೇ ಮಾಡಬೇಕು. ಫೆಬ್ರವರಿ-ಮಾರ್ಚ್‌ನಲ್ಲಿ ಅವನಿಗೆ ಪರೀಕ್ಷೆ. ಹೇಳದೆ ಕೇಳದೆ ನಿಲ್ಲಿಸಿದರೆ ಮಕ್ಕಳು ಕಾದು ಕೂರುತ್ತಾರೆ. ಆರಂಭದಲ್ಲೇ ಇಬ್ಬರು ಸೇರಿ ಸರದಿ ಮಾಡಿಕೊಳ್ಳಲಿ.

ಒಂದು ಪುಸ್ತಕದಲ್ಲಿ ದಿನಾಂಕ, ಬಂದ-ಹೋದ ಸಮಯ, ಮಾಡಿದ ಕೆಲಸ, ಅವತ್ತು ಏನು ಕೈಕೊಟ್ಟಿತು ಎಂದು ಬರೆದಿಡಲಿ. ತಿಂಗಳಿಗೊಮ್ಮೆ ಶಿಕ್ಷಕರ ಸಹಿ ಇರಲಿ. ‘ಕೈಕೊಟ್ಟದ್ದು’ ಎಂಬ ಅಂಕಣವೇ ಮುಂದೆ ಪ್ರಬಂಧಕ್ಕೆ ಸರಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕೆಲವು ಅರ್ಜಿಗಳನ್ನು ಆರಿಸಿಕೊಂಡು ಬರೆದದ್ದಕ್ಕೆ ಪುರಾವೆ ಕೇಳುತ್ತದೆ, ಕೊಡದಿದ್ದರೆ ಅರ್ಜಿಯೇ ರದ್ದಾಗಬಹುದು. ಕೊಂಡು ತಂದ ಪ್ರಮಾಣಪತ್ರ ಅಲ್ಲಿ ಮಗನನ್ನೇ ಸಿಕ್ಕಿಸುತ್ತದೆ.

ಪ್ರಶ್ನೆ: ಮಗಳು ಇಲ್ಲಿನ ವಾರಾಂತ್ಯದ ಕನ್ನಡ ಶಾಲೆಯಲ್ಲಿ ಚಿಕ್ಕಮಕ್ಕಳಿಗೆ ಪಾಠಕ್ಕೆ ನೆರವಾಗುತ್ತಾಳೆ. ಇದು ಲೆಕ್ಕಕ್ಕೆ ಬರುತ್ತದೆಯೇ?
— ಒಬ್ಬ ತಾಯಿ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಖಂಡಿತ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ, ತಲಾ 350 ಪದ ಮೀರದಂತೆ ಉತ್ತರಿಸಬೇಕು. ನಿಮ್ಮ ಶಾಲೆ ಅಥವಾ ಸಮುದಾಯವನ್ನು ಉತ್ತಮಗೊಳಿಸಲು ಏನು ಮಾಡಿದಿರಿ ಎಂಬುದು ಅವುಗಳಲ್ಲೊಂದು. ‘ಸಂಸ್ಕೃತಿ ಉಳಿಸುತ್ತಿದ್ದೇನೆ’ ಎಂದು ಬರೆಯುವ ಬದಲು, ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಒತ್ತಕ್ಷರಕ್ಕೆ ಬಂದೊಡನೆ ಓದು ನಿಲ್ಲಿಸುವುದನ್ನು ಅವಳು ಹೇಗೆ ಕಂಡಳು, ‘ಅಕ್ಕ’, ‘ಅಪ್ಪ’ದಿಂದ ಹಿಡಿದು ‘ರಾಷ್ಟ್ರ’ದವರೆಗೆ ಹೇಗೆ ದಾಟಿಸಿದಳು, ಎಷ್ಟು ಮಕ್ಕಳು ದಾಟಿದರು ಎಂದು ಬರೆಯಲಿ. ಅರ್ಜಿ ಸಲ್ಲಿಸುವ ಅವಧಿ ಅಕ್ಟೋಬರ್‌ನಲ್ಲಿ ತೆರೆದು ಸಾಮಾನ್ಯವಾಗಿ ನವೆಂಬರ್ ಕೊನೆಗೆ ಮುಗಿಯುತ್ತದೆ. ಆಗಸ್ಟ್‌ನಲ್ಲೇ ಮೊದಲ ಕರಡು ಮುಗಿಸಿದರೆ ತಿದ್ದಲು ಸಮಯ ಸಿಗುತ್ತದೆ.