ಮಾಲೀಕರು ಒಪ್ಪಿದರೆ ಸಾಲದು

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಿಗೆ, ಅಂದರೆ ಕಾರ್ಮಿಕರ ಸಾಲುಮನೆಗಳಿಗೆ, ಹೋಗಿ ಕಾರ್ಮಿಕರನ್ನು ಮಾತನಾಡಿಸಿ, ಆ ಮಾತನ್ನು ತಂತ್ರಾಂಶದಿಂದ ಬರಹಕ್ಕಿಳಿಸಬೇಕೆಂದಿದ್ದೀರಿ. ತೋಟದ ಮಾಲೀಕರು ಒಪ್ಪಿದ್ದಾರೆ, ಅಷ್ಟು ಸಾಕೇ ಎಂಬುದು ನಿಮ್ಮ ಪ್ರಶ್ನೆ.

ಸಾಲದು. ಮಾಲೀಕರು ಕೊಡಬಹುದಾದದ್ದು ತೋಟದೊಳಗೆ ಬರುವ ಅನುಮತಿ ಮಾತ್ರ. ಕಾರ್ಮಿಕರ ದನಿ ಮಾಲೀಕರ ಸ್ವತ್ತಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಒತ್ತಾಯವಿಲ್ಲದೆ, ವಿಷಯ ತಿಳಿದು, ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲೂ ಆಗಬೇಕು. 2025ರ ನವೆಂಬರ್‌ನಲ್ಲಿ ಪ್ರಕಟವಾದ ಅದರ ನಿಯಮಗಳು ಹಂತ ಹಂತವಾಗಿ ಜಾರಿಯಾಗುವಂಥವು. ಅವು ಪೂರ್ತಿ ಜಾರಿಯಾಗುವವರೆಗೆ ಕಾಯುವ ವಿಷಯ ಇದಲ್ಲ ಎಂದೇ ನನ್ನ ನಂಬಿಕೆ.

ವಿರಾಜಪೇಟೆ ತಾಲ್ಲೂಕಿನಲ್ಲಿ ಹಿರಿಯರ ಮಾತುಗಳನ್ನು ದಾಖಲಿಸುವ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು, ಯಾರ ಎದುರು ಕೇಳುತ್ತೀರಿ ಎಂಬುದು. ರೈಟರ್ (ತೋಟದ ಗುಮಾಸ್ತ) ಅಥವಾ ಕೆಲಸ ಮಾಡಿಸುವ ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರೆ ‘ಆಗಲಿ’ ಎಂಬ ಉತ್ತರವೇ ಬರುತ್ತದೆ. ಕೂಲಿ, ಮನೆ, ಮುಂಗಡ ಎಲ್ಲವೂ ತೋಟದವರ ಕೈಯಲ್ಲಿರುವಾಗ ಬೇಡ ಎನ್ನುವ ಧೈರ್ಯ ಯಾರಿಗಿದ್ದೀತು? ಕೆಲಸ ಮುಗಿದ ಮೇಲೆ, ಕಾರ್ಮಿಕರಷ್ಟೇ ಇರುವಾಗ ಹೋಗಿ. ಮೊಬೈಲ್ ಹೊರಗೆ ತೆಗೆಯದೆ ವಿಷಯ ತಿಳಿಸಿ, ಯೋಚಿಸಲು ಬಿಟ್ಟು, ಇನ್ನೊಂದು ದಿನ ಉತ್ತರ ಕೇಳಿ. ಅಕ್ಷರ ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ, ಅದು ಹೆದರಿಕೆ ಹುಟ್ಟಿಸುತ್ತದೆ. ರೆಕಾರ್ಡಿಂಗ್‌ನ ಆರಂಭದಲ್ಲಿ ಬಾಯಿಮಾತಿನ ಒಪ್ಪಿಗೆ ಇದ್ದರಾಯಿತು.

ರೆಕಾರ್ಡ್ ಮಾಡಲೇ ಎಂದಷ್ಟೇ ಕೇಳಿದರೆ ಅರ್ಧ ಕೇಳಿದಂತೆ. ಅಂತರ್ಜಾಲದ ಮೂಲಕ ನಡೆಯುವ ತಂತ್ರಾಂಶವಾದರೆ ಅವರ ದನಿ ಬೇರೆ ಕಂಪನಿಯ ಸರ್ವರ್‌ಗೆ ಹೋಗುತ್ತದೆ; ಅದನ್ನೂ ಬಿಡಿಸಿ ಹೇಳಬೇಕು. ಓಪನ್‌ಎಐ 2022ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ, ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ತಂತ್ರಾಂಶವನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಅಳವಡಿಸಿಕೊಂಡು ನಡೆಸಿದರೆ ಆ ತೊಂದರೆಯಿಲ್ಲ. ಅದಕ್ಕೆ ಕನ್ನಡ ಗೊತ್ತು, ಆದರೆ ಅದರ ಭಾಷೆಗಳ ಪಟ್ಟಿಯಲ್ಲಿ ಬುಡಕಟ್ಟಿನವರಾದ ಯರವರ ನುಡಿಯೂ ಇಲ್ಲ, ಕೊಡವರ ಭಾಷೆಯಾದ ಕೊಡವ ತಕ್ಕ್ ಕೂಡ ಇಲ್ಲ. ಅಂಥ ಮಾತು ಕೇಳಿದರೆ ತನಗೆ ತೋಚಿದ್ದನ್ನು ಬರೆದುಬಿಡುತ್ತದೆ. ಮುಂಗಡದ ಮೊತ್ತವೋ ಮೇಸ್ತ್ರಿಯ ಹೆಸರೋ ತಪ್ಪಾಗಿ ಬಿದ್ದರೆ ಪೆಟ್ಟು ತಿನ್ನುವವರು ಹೇಳಿದವರು. ಆದ್ದರಿಂದ ಬರಹವನ್ನು ಅವರಿಗೇ ಓದಿ ಹೇಳಿ, ಬೇಡವೆಂದ ಭಾಗವನ್ನು ಅಲ್ಲೇ ತೆಗೆಯಿರಿ. ಅಳಿಸುವಾಗ ಮೂಲ ಧ್ವನಿ, ಬರಹ, ತಂತ್ರಾಂಶದ ಖಾತೆಯಲ್ಲಿ ಉಳಿದ ಪ್ರತಿ, ಈ ಮೂರನ್ನೂ ಅಳಿಸಬೇಕು.