ಮೊದಲು ಮಾತಾಡಲಿ, ಆಮೇಲೆ ಬರೆಯಲಿ, ತಿದ್ದುವುದು ಕೊನೆಗೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ (ಕಾರ್ಡುಗಳ ಮೂಲಕ ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿ) ಶಿಕ್ಷಕಿ. 1ರಿಂದ 3ನೇ ತರಗತಿವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ. ಮೂರನೇ ತರಗತಿಯವರು ಬೋರ್ಡ್ ನೋಡಿ ದುಂಡಗೆ ಬರೆಯುತ್ತಾರೆ, ಉಕ್ತಲೇಖನವೂ ಪರವಾಗಿಲ್ಲ. ಆದರೆ ಸ್ವಂತವಾಗಿ ಬರೆಯಿರಿ ಅಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರೆ. ಹಸುವಿನ ಬಗ್ಗೆ ಬರೆಯಲು ಹೇಳಿದರೆ ಎಲ್ಲರದ್ದೂ ಒಂದೇ: ‘ಹಸು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ.’ ಏನು ಮಾಡಲಿ?

ಉತ್ತರ: ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ನೋಡಿ ಬರೆಯುವಾಗಲೂ ಉಕ್ತಲೇಖನ ಬರೆಯುವಾಗಲೂ ಏನು ಹೇಳಬೇಕು ಅನ್ನುವುದನ್ನು ಬೇರೆ ಯಾರೋ ತೀರ್ಮಾನ ಮಾಡಿರುತ್ತಾರೆ. ಸ್ವಂತ ಬರವಣಿಗೆ ಅಂದ ಕೂಡಲೇ ಆ ಮಗು ವಿಷಯ ಹುಡುಕಬೇಕು, ವಾಕ್ಯ ಕಟ್ಟಬೇಕು, ಒತ್ತಕ್ಷರ ನೆನಪು ಮಾಡಿಕೊಳ್ಳಬೇಕು, ಗೆರೆ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳಬೇಕು, ಇದರ ಮೇಲೆ ಕೆಂಪು ಪೆನ್ನಿನ ಹೆದರಿಕೆ ಬೇರೆ. ಎಂಟು ವರ್ಷದ ಮಗುವಿಗೆ ಇಷ್ಟೂ ಒಟ್ಟಿಗೆ ಆಗಲ್ಲ. ಹಾಗಾಗಿ ಒಂದೊಂದು ದಿನಕ್ಕೆ ಒಂದೊಂದೇ ಕೆಲಸ ಕೊಡಿ.

ಮೊದಲ ದಿನ ಪೆನ್ಸಿಲ್ಲೇ ಬೇಡ, ಮಾತಾಡಲಿ. ‘ಹಸು’ ಅಂತ ವಿಷಯ ಕೊಟ್ಟರೆ ಗೈಡಿನಲ್ಲಿರುವ ಉತ್ತರವೇ ಬರುತ್ತದೆ. ಅದರ ಬದಲು ಹೋರಿ ಬೆದರಿಸುವ ಹಬ್ಬದಲ್ಲಿ (ಕೊಬ್ಬರಿ ಸರ ಕಟ್ಟಿದ ಹೋರಿಗಳನ್ನು ಓಡಿಸಿ, ಜನ ಆ ಕೊಬ್ಬರಿ ಹರಿದುಕೊಳ್ಳುವ ಹಬ್ಬ) ನೀವೆಲ್ಲಿ ನಿಂತಿದ್ದಿರಿ, ಏನು ನೋಡಿದಿರಿ ಅಂತ ಕೇಳಿ ನೋಡಿ. ಹಾವೇರಿ ಸೀಮೆಯ ಮಕ್ಕಳಿಗೆ ಆ ಮಾತು ಮುಗಿಯುವುದೇ ಇಲ್ಲ. ಇಬ್ಬಿಬ್ಬರನ್ನು ಕೂರಿಸಿ ಒಬ್ಬರಿಗೊಬ್ಬರು ಹೇಳಲು ಬಿಡಿ, ಆಮೇಲೆ ಚಿತ್ರ ಬರೆಸಿ. ಚಿತ್ರ ಅಂದರೆ ಸುಮ್ನೆ ಹೊತ್ತು ಕಳೆಯುವುದಲ್ಲ. ಹೋರಿ ಕೊರಳಿಗೆ ಕೊಬ್ಬರಿ ಸರ ಹಾಕಿ ಅಟ್ಟದ ಮೇಲೆ ನಿಂತ ಅಜ್ಜನನ್ನೂ ಬರೆದ ಹುಡುಗನಿಗೆ ಹೇಳುವುದು ಏನಿದೆ ಅಂತ ಆಗಲೇ ಗೊತ್ತಾಗಿರುತ್ತದೆ.

ಎರಡನೇ ದಿನ ಬರೆಯಲಿ. ಅವತ್ತು ರಬ್ಬರುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಸಿ, ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗಲಿ. ನೀವೂ ಬೋರ್ಡ್ ಮೇಲೆ ಮಕ್ಕಳ ಎದುರಿಗೇ ಬರೆಯಿರಿ, ಇದನ್ನು ದಯವಿಟ್ಟು ಬಿಡಬೇಡಿ. ‘ಹೋರಿ ಓಡಿತು’ ಅಂತ ಬರೆದು, ‘ಎಲ್ಲಿ ಓಡಿತು ಅಂತ ಗೊತ್ತಾಗಲಿಲ್ಲ ಅಲ್ವಾ?’ ಅಂತ ಕೇಳಿ, ಅವರ ಕಣ್ಣೆದುರೇ ಹೊಡೆದು ಹಾಕಿ, ‘ಹೋರಿ ಜನರ ನಡುವೆ ನುಗ್ಗಿತು’ ಅಂತ ಬರೆಯಿರಿ. ಹೊಡೆದು ಹಾಕುವುದು ಅಂದರೆ ಸೊನ್ನೆ ಮಾರ್ಕ್ಸ್ ಅಂತ ನಂಬಿದ ಮಕ್ಕಳು ದೊಡ್ಡವರು ಹಾಗೆ ಬರೆಯುವುದನ್ನು ನೋಡಿರುವುದೇ ಇಲ್ಲ. ‘ಕೊಬ್ರಿ ಹರಕೊಂಡ್ರು’ ಅಂತ ಮನೆಮಾತಲ್ಲಿ ಬರೆದರೂ ಬರೆಯಲಿ. ಪುಸ್ತಕದ ಕನ್ನಡ ಆಮೇಲೆ ಬರುತ್ತದೆ.

ಇನ್ನು ತಿದ್ದುವ ವಿಚಾರ. ಸಣ್ಣ ಮಕ್ಕಳಿಗೆ ‘ಇನ್ನೊಮ್ಮೆ ಚೆನ್ನಾಗಿ ಬರಿ’ ಅಂದರೆ ಅಕ್ಷರ ದುಂಡಗೆ ಮಾಡುತ್ತಾರೆ ಅಷ್ಟೆ. ಬರೆದದ್ದನ್ನು ಗೆಳೆಯನಿಗೆ ಓದಿ ಹೇಳಲಿ, ಕೇಳಿದವನು ಒಂದೇ ಒಂದು ಪ್ರಶ್ನೆ ಕೇಳಲಿ. ‘ಆಮೇಲೆ ಹೋರಿ ಸಿಕ್ತಾ?’ ಅಂದರೆ ಅದಕ್ಕೆ ಉತ್ತರವನ್ನು ಕೆಳಗೆ ಸೇರಿಸಲಿ. ಮೂರನೇ ತರಗತಿಗೆ ಇಷ್ಟು ಸಾಕು. ಕಾಗುಣಿತ, ಒತ್ತು, ಪೂರ್ಣವಿರಾಮ ಎಲ್ಲಕ್ಕಿಂತ ಕೊನೆಗೆ, ಅದೂ ಒಂದು ಸಲಕ್ಕೆ ಒಂದೇ ಬಗೆಯ ತಪ್ಪು. ಎಲ್ಲ ಬರಹವನ್ನೂ ಶುದ್ಧಪ್ರತಿ ಮಾಡಿಸಬೇಡಿ. ಮಗು ತಾನೇ ಆರಿಸಿದ ಒಂದನ್ನು ಮಾತ್ರ ಗೋಡೆ ಪತ್ರಿಕೆಗೆ ಹಾಕಿ, ಇಲ್ಲವೇ ಬೆಳಗಿನ ಪ್ರಾರ್ಥನೆ ಹೊತ್ತಲ್ಲಿ ಓದಿಸಿ.

ಒಂದು, ಎರಡನೇ ತರಗತಿಯವರೂ ಕಾಯಬೇಕಿಲ್ಲ. ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಅದರ ಕಾರ್ಡುಗಳಲ್ಲಿ ಅ ಆ ಇ ಈ ಕ್ರಮ ಬಿಟ್ಟು ರ ಗ ಸ ದ ಅ ಮೊದಲು ಬರುವುದು ನಿಮಗೆ ಗೊತ್ತೇ ಇದೆ. ಆ ಐದಕ್ಷರ ಬಂದರೆ ಸರ, ಅರಸ, ಗರಗಸ ಬರೆಯಬಹುದು. ಚಿತ್ರ ಬರೆದು ಕೆಳಗೆ ‘ಸರ’ ಅಂತ ಬರೆದ ಮಗು ಆಗಲೇ ಸ್ವಂತ ಬರವಣಿಗೆ ಶುರು ಮಾಡಿದೆ.

ಶಾಲೆ ನೋಡಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಕಾಟು ಹಾಕಿದ ಕಾಪಿ ತೋರಿಸುವುದು ಹೇಗೆ ಅನ್ನುವ ಅಳುಕು ನಿಮಗಿರಬಹುದು. ಪ್ರತಿ ಬರಹದ ಮೇಲೆ ತಾರೀಕು ಹಾಕಿಸಿ, ಮೊದಲು ಬರೆದದ್ದನ್ನೂ ಆಮೇಲಿನದ್ದನ್ನೂ ಪಕ್ಕಪಕ್ಕ ತೋರಿಸಿ. 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಕೂಡ ಮೂರನೇ ತರಗತಿ ಮುಗಿಯುವ ಹೊತ್ತಿಗೆ ಮಗುವಿಗೆ ಅರ್ಥ ಮಾಡಿಕೊಂಡು ಓದಲು, ಬರೆಯಲು ಬರಬೇಕು ಅನ್ನುತ್ತದೆ. ಅಂದವಾದ ನಕಲು ಅದಕ್ಕೆ ಸಾಕಾಗಲ್ಲ.

ಪ್ರಶ್ನೆ: ಎರಡನೇ ತರಗತಿಯ ಮಗಳು ‘ಅಕ್ಕಿ ಆರಿತು’ ಅಂತ ಬರೆದಿದ್ದಳು. ಮೇಷ್ಟ್ರು ತಿದ್ದದೆ ‘ಚೆನ್ನಾಗಿದೆ’ ಅಂತ ಹಾಕಿದ್ದಾರೆ. ಹೀಗೆ ಬಿಟ್ಟರೆ ತಪ್ಪೇ ರೂಢಿಯಾಗಲ್ವಾ? – ತಾಯಿ, ಮಂಡ್ಯ

ಉತ್ತರ: ನಿಮ್ಮ ಕಡೆ ಮಾತಿನಲ್ಲಿ ‘ಹ’ ಬಿಟ್ಟು ಹೋಗುವುದು ಜಾಸ್ತಿ. ಮಗು ತಾನು ಆಡುವ ಮಾತನ್ನು ಹಾಗೇ ಬರೆದಿದೆ, ಅಂದರೆ ಅಕ್ಷರಕ್ಕೂ ಸದ್ದಿಗೂ ಇರುವ ಸಂಬಂಧ ಅವಳಿಗೆ ಸಿಕ್ಕಿದೆ. ಅವಳು ಬರೆದ ದಿನವೇ ಅದರ ಮೇಲೆ ಗೀಚಬೇಡಿ. ಒಂದೆರಡು ದಿನ ಬಿಟ್ಟು ಅದನ್ನೇ ಓದಿಸಿ, ‘ಅನ್ನ ಮಾಡೋ ಅಕ್ಕೀನಾ, ರೆಕ್ಕೆ ಇರೋದಾ?’ ಅಂತ ಕೇಳಿ. ಅವಳೇ ನಗುತ್ತಾ ‘ಹ’ ಸೇರಿಸಬಹುದು. ಸೇರಿಸದಿದ್ದರೆ ಹಕ್ಕಿ, ಹಾಲು, ಹೂವು, ಹಾವು ಇವನ್ನು ಕಾಪಿಯ ಕೊನೇ ಪುಟದಲ್ಲಿ ಬರೆದುಕೊಡಿ. ಮುಂದಿನ ಸಲ ಅನುಮಾನ ಬಂದಾಗ ಅಲ್ಲಿ ನೋಡಿಕೊಳ್ಳಲಿ. ಮೇಷ್ಟ್ರು ‘ಚೆನ್ನಾಗಿದೆ’ ಅಂತ ಹಾಕಿದ್ದು ಸರಿಯಾಗಿಯೇ ಇದೆ, ಅವರಿಗೆ ಒಂದು ಮಾತು ಹೇಳಿ ಬನ್ನಿ.